ನಡುನೀರಿನಲ್ಲಿ ನಿಂತ ಜಲ್ಲ

ಹವಾಯಿ ಚಪ್ಪಲಿಯ ಮೇಲೆ ನನಗೆ ಅಷ್ಟೊಂದು ಸಿಟ್ಟು ಬಂದದ್ದು ಆ ಒಂದು ತಿಂಗಳು ಮಾತ್ರ. ಅದಕ್ಕಿಂತ ಮೊದಲು ನಾನೂ ಅದನ್ನೇ ಮೆಟ್ಟಿಕೊಂಡು ಪುತ್ತೂರು ಪೇಟೆ ಸುತ್ತಿದವನು. ಎಪ್ಪತ್ತರ ದಶಕದ ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಬೋರ್ಡು ಬರೆಯುವ ಅಂಗಡಿ ಇತ್ತು. ಕಬಕದಿಂದ ಸುಳ್ಯದವರೆಗಿನ ಅಂಗಡಿಗಳ ಹೆಸರು, ಬಸ್ಸುಗಳ ಹಣೆ, ಟಾಕೀಸಿನ ಬ್ಯಾನರು ಬರೆದುಕೊಂಡಿದ್ದ ನನ್ನನ್ನು ಬೆಂಗಳೂರಿನಿಂದ ಬಂದ ಒಬ್ಬರು ನಿರ್ದೇಶಕರು ತಮ್ಮ ಸಿನಿಮಾದ ಕಲಾ ವಿಭಾಗಕ್ಕೆ ಸಹಾಯಕನೆಂದು ಸೇರಿಸಿಕೊಂಡರು. ಇಪ್ಪತ್ತೈದು ವರ್ಷ ಹಿಂದೆ ಊರಲ್ಲಿ ಇಲ್ಲದ್ದು ಯಾವುದೂ ಕ್ಯಾಮೆರಾದ ಎದುರು ಬಾರದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಸಿನಿಮಾ ನಮ್ಮ ಹೊಳೆಯದ್ದೇ. ಕಡಬದ ಕಡೆ ಕುಮಾರಧಾರೆಯ ಒಂದು ಕಡವಿನಲ್ಲಿ, ಎಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗದಲ್ಲಿ, ಆ ಇಪ್ಪತ್ತೈದು ವರ್ಷದ ಹಿಂದೆ ಒಂದು ಮಳೆಗಾಲ ದೋಣಿ ಮಗುಚಿತ್ತು. ದೋಣಿಯಲ್ಲಿದ್ದವರು ಯಾರೂ ಬದುಕಿ ಬರಲಿಲ್ಲ. ದೋಣಿ ನಡೆಸುತ್ತಿದ್ದ ಕಡವಿನವನೂ ಬರಲಿಲ್ಲ. ಆದರೆ ಅವನ ಸಾವಿಗೆ ಯಾರೂ ಅಯ್ಯೋ ಅನ್ನಲಿಲ್ಲ. ಯಾಕೆಂದರೆ ಪ್ರವಾಹ ಜೋರಾದಾಗ ಅವನು ಜನರನ್ನು ನಡುನೀರಿನಲ್ಲಿ ಕೈ ಬಿಟ್ಟು, ತಾನೊಬ್ಬ ಉಳಿದರೆ ಸಾಕು ಎಂದು ಹೊಳೆಗೆ ಹಾರಿದ್ದನಂತೆ. ಇದನ್ನು ದಡದಿಂದ ಕಣ್ಣಾರೆ ಕಂಡವರು ಒಬ್ಬರೇ ಒಬ್ಬರು, ಕಡವಿನ ಮೇಲೆ ಚಹದಂಗಡಿ ಇಟ್ಟಿದ್ದ ಅಜ್ಜ. ನಾವು ಹೋದಾಗಲೂ ಅಂಗಡಿ ಇತ್ತು, ಅಜ್ಜನೂ ಗಟ್ಟಿಯಾಗಿದ್ದರು, ಕಥೆಯೂ ಗಟ್ಟಿಯಾಗಿತ್ತು.

ನಿರ್ದೇಶಕರದ್ದು ಒಂದೇ ಹಟ. “ನಡೆದದ್ದು ನಡೆದ ಹಾಗೇ ಬರಬೇಕು ಕಣ್ರೀ. ಸತ್ತವರ ಮೇಲೆ ನಾವು ಕಥೆ ಕಟ್ಟಬಾರದು.” ಈ ಮಾತು ಕೇಳಿದ್ದೇ ನನಗೆ ಮೈಯೆಲ್ಲ ಉಮೇದು. ಪ್ಲಾಸ್ಟಿಕ್ ಕೊಡಪಾನಗಳನ್ನು ಊರಿನ ಬಾವಿಕಟ್ಟೆಗಳಿಂದ ಓಡಿಸಿದೆ. ಟೆರಿಲಿನ್ ಅಂಗಿಯವರನ್ನು ಹಿಂದಕ್ಕೆ ಕಳಿಸಿದೆ. ತಾಳೆಗರಿಯ ಕೊಡೆ ಹುಡುಕಿಕೊಂಡು ಆಲಂಕಾರಿನ ಮನೆಗಳ ಅಟ್ಟ ಹತ್ತಿಳಿದೆ. ಮುಳುಗಿದ ದೋಣಿಯಲ್ಲಿ ಕೇರಳದಿಂದ ಆಗಷ್ಟೇ ಬಂದು ಕಾಡಂಚಿನಲ್ಲಿ ನೆಲೆ ನಿಂತ ಒಂದು ಕ್ರಿಸ್ತುವರ ಕುಟುಂಬವೂ ಇತ್ತು. ಅವರ ಉಡುಪು ಹೇಗಿತ್ತು ಎಂದು ಕೇಳಲು ಕೋಡಿಂಬಾಳದ ರಬ್ಬರ್ ತೋಟದಲ್ಲಿ ಎಲ್ಲರೂ ಅಮ್ಮಚ್ಚಿ ಎನ್ನುವ ಒಬ್ಬ ಅಜ್ಜಿಯ ಹತ್ತಿರ ಹೋದರೆ ಅವರು ಪೆಟ್ಟಿಗೆಯಿಂದ ಚಟ್ಟೆ ಎಂಬ ಬಿಳಿ ರವಿಕೆ, ಮುಂಡು ಎಂಬ ಬಿಳಿ ಪಂಚೆ ತೆಗೆದುಕೊಟ್ಟು, ಹಿಂದೆ ಬೀಸಣಿಗೆಯ ಹಾಗೆ ನೆರಿಗೆ ಹಿಡಿಯುವುದನ್ನು ನನ್ನ ಸೊಂಟಕ್ಕೇ ಕಟ್ಟಿ ತೋರಿಸಿದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಹೊತ್ತು ಗೊತ್ತಿಲ್ಲದೆ ದುಡಿದ ದಿನಗಳು ಅವು.

ಒಂದು ಮನೆಯಲ್ಲಿ ಮಾತ್ರ ನನ್ನ ನಗು ನಡೆಯಲಿಲ್ಲ. ಅದು ಕಡವಿನವನ ಮಗಳ ಮನೆ. ನಮ್ಮಲ್ಲಿ ಅಂಗಳಕ್ಕೆ ಯಾರು ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು, ಆಮೇಲೆ ಬಂದ ವಿಷಯ. ವೈರಿಗೂ ಅದನ್ನು ತಪ್ಪಿಸುವುದಿಲ್ಲ. ಆ ಅಕ್ಕ ನಿರ್ದೇಶಕರನ್ನೂ ನನ್ನನ್ನೂ ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದರು. ಬೆಲ್ಲವೂ ಇಲ್ಲ, ನೀರೂ ಇಲ್ಲ. ನಿರ್ದೇಶಕರಿಗೆ ಇದು ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು.

“ನಿಮ್ಮ ಸಿನಿಮಾದಲ್ಲಿ ಅಪ್ಪ ಹಾರುದು ಉಂಟಾ?” ಎಂದು ಅವರು ನೇರವಾಗಿ ಕೇಳಿದರು.

“ನಡೆದದ್ದನ್ನ ಬಿಡೋಕಾಗಲ್ಲಮ್ಮಾ” ಎಂದರು ನಿರ್ದೇಶಕರು, ಮೆಲ್ಲಗೆ.

“ನಾನು ಚಿಕ್ಕಂದಿನಿಂದ ‘ಕೈ ಬಿಟ್ಟವನ ಮಗಳು’. ಈಗ ನನ್ನ ಮಗಳಿಗೂ ಶಾಲೆಯಲ್ಲಿ ಅದೇ ಹೆಸರು. ಆದ್ರೂ ಅದು ಈ ಎರಡು ಗ್ರಾಮದ ಮಾತು. ಅವಳನ್ನು ದೂರ ಎಲ್ಲಿಗಾದ್ರೂ ಕೊಟ್ರೆ ಅಲ್ಲಿಯವರಿಗೆ ಗೊತ್ತಿರುದಿಲ್ಲ ಅಂತ ಒಂದು ಧೈರ್ಯ ಇತ್ತು. ನೀವು ಮೈಸೂರಿಗೂ ಬೆಂಗಳೂರಿಗೂ ತೋರಿಸ್ತೀರಿ. ಮತ್ತೆ ನಾವು ಎಲ್ಲಿಗೆ ಹೋಗುದು, ಹೇಳಿ.”

ನಿರ್ದೇಶಕರು ಹೆಸರು ಬದಲಾಯಿಸುವುದಾಗಿ ಹೇಳಿದರು. “ಹೊಳೆಯ ಹೆಸರು ಬದಲಾಯಿಸ್ತೀರಾ?” ಎಂದು ಕೇಳಿ ಅಕ್ಕ ಒಳಗೆ ಹೋದರು. ಜೀಪಿನಲ್ಲಿ ಹಿಂದೆ ಬರುವಾಗ ನನಗೆ ಅಕ್ಕನ ಮೇಲೆ ಕನಿಕರ ಇತ್ತು. ಆದರೆ ಕಂಡವರು ಕಂಡದ್ದನ್ನು ಹೇಳಿದ ಮೇಲೆ ಸಿನಿಮಾದವರು ಏನು ಮಾಡುವುದು?

ಇನ್ನು ಜಲ್ಲದ ಕಥೆ. ಜಲ್ಲ ಎಂದರೆ ದೋಣಿಯವರು ನೀರಿನ ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ದೂಡುವ ಉದ್ದದ ಬಿದಿರು. ದುರಂತದ ಬಗ್ಗೆ ಯಾರನ್ನು ಕೇಳಿದರೂ ಕೊನೆಗೆ ಒಂದು ಮಾತು ತಪ್ಪದೆ ಬರುತ್ತಿತ್ತು: ದೋಣಿ ಹೋಯಿತು, ಜನ ಹೋದರು, ಜಲ್ಲ ಮಾತ್ರ ನೀರು ಇಳಿಯುವವರೆಗೂ ನಡುಹೊಳೆಯಲ್ಲಿ ನಿಂತೇ ಇತ್ತು. ನಿರ್ದೇಶಕರಿಗೆ ಇದು ಬಹಳ ಹಿಡಿಸಿತು. ಕೆಂಪು ನೀರು, ಯಾರೂ ಇಲ್ಲದ ಹೊಳೆ, ನಡುವೆ ಒಂಟಿ ಜಲ್ಲ. ಸಿನಿಮಾದ ಕೊನೆಯ ಚಿತ್ರ ಇದೇ ಎಂದು ತೀರ್ಮಾನಿಸಿಬಿಟ್ಟರು. ಜಲ್ಲವನ್ನು ನಿಲ್ಲಿಸುವ ಕೆಲಸ ನನ್ನ ತಲೆಗೆ ಬಂತು.

ಅದು ನಿಲ್ಲಬೇಕಲ್ಲ! ಆ ಕಡವಿನ ನಡುವೆ ನೀರಿನಡಿಯಲ್ಲಿ ಬಂಡೆಗಳ ಒಂದು ಸಾಲು ಉಂಟು. ಹೊಳೆ ತುಂಬಿದ್ದರೂ ಅಲ್ಲಿ ಜಲ್ಲಕ್ಕೆ ತಳ ಸಿಗುತ್ತದೆ. ದೋಣಿಯಲ್ಲಿ ಹೋಗಿ ಬಂಡೆಗಳ ನಡುವೆ ಜಲ್ಲ ಊರಿ ಕೈ ತೆಗೆದರೆ ಸಾಕು, ಅದು ಅಡ್ಡ ಬಿದ್ದು ತೇಲಿಕೊಂಡು ಹೋಗುತ್ತಿತ್ತು. ಬುಡಕ್ಕೆ ಮರಳಿನ ಚೀಲ ಕಟ್ಟಿದೆ, ಚೀಲದ ಸಮೇತ ಹೋಯಿತು. ಕಬ್ಬಿಣದ ಮೊಳೆ ಕೂರಿಸಿದೆ, ಬಂಡೆ ಕಚ್ಚಲಿಲ್ಲ. ಇಬ್ಬರು ಸೇರಿ ಮೇಲಿನಿಂದ ಗುದ್ದಿದೆವು; ಗುದ್ದಿದ ಬಲಕ್ಕೆ ದೋಣಿ ಹಿಂದೆ ಸರಿಯಿತೇ ಹೊರತು ಜಲ್ಲ ಇಳಿಯಲಿಲ್ಲ. ಕೆಳಗಿನ ಕಡವಿನವರು ನನ್ನ ಜಲ್ಲಗಳನ್ನು ಹಿಡಿದು ತಂದುಕೊಟ್ಟು, “ಇವತ್ತೂ ನಿಲ್ಲಲಿಲ್ವಾ ಮಾರಾಯ್ರೆ?” ಎಂದು ನಕ್ಕು ಹೋಗುತ್ತಿದ್ದರು.

ಕೊನೆಗೆ ನಾನು ನಿರ್ದೇಶಕರಿಗೆ ಹೇಳಿದೆ. “ಇದು ಊರವರು ಸೇರಿಸಿದ ಒಗ್ಗರಣೆ ಸಾರ್. ಜಲ್ಲ ಕೈ ಬಿಟ್ಟರೆ ನಿಲ್ಲುದಿಲ್ಲ. ನಿಂತದ್ದು ಸುಳ್ಳು.”

“ಇಷ್ಟು ಜನ ಒಂದೇ ಸುಳ್ಳು ಹೇಳ್ತಾರೇನ್ರಿ?” ಎಂದರು ಅವರು. ಜಲ್ಲದ ಚಿತ್ರಣವನ್ನು ಕೊನೆಗೆ ನೋಡಿಕೊಳ್ಳುವುದೆಂದು ಮುಂದಕ್ಕೆ ಹಾಕಿ, ಹಾರುವ ದೃಶ್ಯದ ತಯಾರಿಗೆ ಇಳಿದೆವು.

ಕಡವಿನವನ ಪಾತ್ರದ ನಟ ಬೆಂಗಳೂರಿನ ನಾಟಕದವರು. ಈಜು ಬರುತ್ತಿತ್ತು, ಹುರುಪೂ ಇತ್ತು. ಬೆಳಗ್ಗೆ ಎದ್ದವರೇ ದೋಣಿ ಹತ್ತಿ ಜಲ್ಲ ಹಾಕುವುದನ್ನು ಕಲಿತು, ಅಂಗೈ ಸುಲಿದುಕೊಂಡು, ಆ ಗಾಯವನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದರು. ಜಲ್ಲ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಕೂಡಲೇ ಕೈ ಬಿಡಬೇಕು, ದೋಣಿಯಲ್ಲಿ ಇನ್ನೊಂದು ಇರುತ್ತದೆ ಎಂದು ಅವರಿಗೆ ಮೊದಲೇ ಹೇಳಿಕೊಟ್ಟಿದ್ದೆವು. ಅವರು ಅದನ್ನು ಸಂಭಾಷಣೆಯ ಹಾಗೆ ಬಾಯಿಪಾಠ ಮಾಡಿದ್ದರು.

ಚೌತಿ ಕಳೆದಿತ್ತು. ಘಟ್ಟದ ಮೇಲೆ ಚೆನ್ನಾಗಿ ಮಳೆ ಬಿದ್ದು ಹೊಳೆ ಪುನಃ ಕೆಂಪಾಗಿ ಏರಿದ ದಿನ ನಿರ್ದೇಶಕರು “ಇವತ್ತೇ” ಎಂದರು. ನನಗೆ ಹೆದರಿಕೆಗಿಂತ ಖುಷಿಯೇ ಹೆಚ್ಚು. ದೋಣಿಯ ಹಿಂಭಾಗಕ್ಕೆ ದಪ್ಪ ಹಗ್ಗ ಬಿಗಿದು, ಅದನ್ನು ನೀರಿನ ಅಡಿಯಲ್ಲಿ ಹಾಯಿಸಿ ಮೇಲ್ದಡದ ಮರಕ್ಕೆ ಸುತ್ತಿದೆವು. ದೋಣಿ ಸ್ವಲ್ಪ ದೂರ ಹೋಗಿ ನಿಲ್ಲಬೇಕು, ಹೋಗಿಯೇ ಬಿಡಬಾರದು. ಪ್ರಯಾಣಿಕರಾಗಿ ಕುಳಿತವರು ಊರಿನ ಒಳ್ಳೆಯ ಈಜುಗಾರರು. ಅವರಲ್ಲಿ ಇಬ್ಬರು ಮೀಸೆ ಬೋಳಿಸಿ ಸೀರೆ ಉಟ್ಟಿದ್ದರು. ಅಮ್ಮಚ್ಚಿಯ ಚಟ್ಟೆ, ಮುಂಡು ತೊಟ್ಟವನು ಮಾತ್ರ ಮೀಸೆ ತೆಗೆಯಲು ಒಪ್ಪದೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿದ್ದ. ದಡದಲ್ಲಿ ಹಲಗೆ ಹಾಸಿ ಕ್ಯಾಮೆರಾ ನಿಲ್ಲಿಸಿದೆವು. ಕ್ಯಾಮೆರಾದವರು ಉದ್ದನೆಯ ಲೆನ್ಸು ಹಾಕಿ, “ಇರೋ ರೀಲಿಗೆ ಒಂದೇ ಸಲ. ತಪ್ಪಿದರೆ ಹೊಸ ರೀಲು ಮದರಾಸಿನಿಂದ ಬರಬೇಕು” ಎಂದು ಎಚ್ಚರಿಸಿದರು.

ಹೊಳೆಯ ಸದ್ದಿಗೆ ಕೂಗಿದರೆ ಕೇಳುವುದಿಲ್ಲ. ಆದ್ದರಿಂದ ಸನ್ನೆಯ ಕೆಲಸ ನನಗೆ ಕೊಟ್ಟರು. ನಾನು ಕೆಂಪು ಬೈರಾಸನ್ನು, ಎಂದರೆ ಹೆಗಲಿಗೆ ಹಾಕುವ ವಸ್ತ್ರವನ್ನು, ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲಬೇಕು. ದೋಣಿ ನಡುಹೊಳೆ ದಾಟಿ ಬಂಡೆಸಾಲಿನ ಆಚೆಗೆ ಹೋದ ಮೇಲೆ ನಿರ್ದೇಶಕರು ನನ್ನ ಬೆನ್ನು ತಟ್ಟುತ್ತಾರೆ. ನಾನು ಬೈರಾಸು ಇಳಿಸುತ್ತೇನೆ. ಆಗ ನಟರು ಜಲ್ಲ ಎಸೆದು ಹೊಳೆಗೆ ಹಾರಬೇಕು. ಅಲ್ಲಿಯವರೆಗೆ ಏನೂ ಆಗಕೂಡದು.

ಶೂಟಿಂಗ್ ನೋಡಲು ಕಡಬದ ಪೇಟೆಯೇ ಬಂದು ನಿಂತ ಹಾಗಿತ್ತು. ಅಂಗಡಿಯ ಅಜ್ಜ ತಮ್ಮ ಬೆಂಚನ್ನೇ ತರಿಸಿ ಎದುರಿನ ಸಾಲಿನಲ್ಲಿ ಕೂತಿದ್ದರು. ಕಣ್ಣಾರೆ ಕಂಡವರಲ್ಲವೇ, ಅವರಿಗಲ್ಲದೆ ಇನ್ನಾರಿಗೆ ಮೊದಲ ಜಾಗ?

ಕ್ಯಾಮೆರಾ ಓಡಿತು. ದೋಣಿ ಹೊರಟಿತು. ನಟರು ಜಲ್ಲ ಊರುವುದು, ಬೆನ್ನು ಬಗ್ಗಿಸಿ ದೂಡುವುದು, ಕೀಳುವುದು, ಎಲ್ಲ ಎಷ್ಟು ಚೆನ್ನಾಗಿತ್ತೆಂದರೆ ಜನರೂ ಸುಮ್ಮನಾದರು. ದೋಣಿ ಬಂಡೆಸಾಲಿನ ಮೇಲೆ ಬಂತು. ನೀರು ಅದರ ಮೂತಿಯನ್ನು ಕೆಳಕ್ಕೆ ತಿರುಗಿಸಿತು. ನಾನು ಬೈರಾಸು ಎತ್ತಿ ಹಿಡಿದೇ ನಿಂತಿದ್ದೇನೆ. ಒಮ್ಮೆಲೇ ನಟರು ದೋಣಿಯಿಂದ ಮೇಲಕ್ಕೆ ಚಿಮ್ಮಿದರು, ಗಾಳಿಯಲ್ಲಿ ಒಂದು ಸುತ್ತು ಬಂದ ಹಾಗೆ ಕಂಡಿತು, ದೂರದಲ್ಲಿ ನೀರಿಗೆ ಬಿದ್ದರು. ದೋಣಿ ಗಿರ್ರನೆ ತಿರುಗಿ ಕೆಳಗೆ ಹೋಯಿತು. ಸೀರೆ ಉಟ್ಟವರು ಬಾಯಿಬಿಟ್ಟು ಕೂಗಿದರು, ಅದು ನಟನೆ ಅಲ್ಲ.

ಅದೇ ಕ್ಷಣ ಅಂಗಡಿಯ ಅಜ್ಜ ಬೆಂಚಿನಿಂದ ಎದ್ದು ಎರಡೂ ಕೈ ಮೇಲೆ ಮಾಡಿ ತುಳುವಿನಲ್ಲಿ ಕೂಗಿದರು: “ಇಂಚನೇ! ಆಯೆ ಇಂಚನೇ ಲಾಗಿನಿ!” ಹೀಗೇ, ಅವನು ಹೀಗೇ ಹಾರಿದ್ದು! ಇಡೀ ದಡಕ್ಕೆ ಕೇಳಿತು.

ನಿರ್ದೇಶಕರು ನನ್ನ ಮೇಲೆ ಹರಿಹಾಯ್ದರು. “ಯಾಕ್ರೀ ಸನ್ನೆ ಕೊಟ್ರಿ? ನಾನು ಹೇಳೋಕೆ ಮುಂಚೆ ಯಾಕ್ರೀ ಇಳಿಸಿದ್ರಿ?”

ನಾನು ಮೇಲೆ ನೋಡಿದೆ. ಅವರೂ ನೋಡಿದರು. ಕೆಂಪು ಬೈರಾಸು ಇನ್ನೂ ನನ್ನ ತಲೆಯ ಮೇಲೆ, ಎತ್ತಿದ ಕೈಯಲ್ಲೇ ಇತ್ತು.

ಹಗ್ಗ ದೋಣಿಯನ್ನು ಹಿಡಿದು ನಿಲ್ಲಿಸಿತ್ತು. ಈಜುಗಾರರು ನಟರನ್ನು ದಡಕ್ಕೆ ಎಳೆದು ತಂದರು. ಅವರು ಕೆಮ್ಮಿ, ಕುಡಿದ ನೀರೆಲ್ಲ ಕಾರಿ, ಮೊದಲು ಆಡಿದ ಮಾತು ಇದು: “ನಾನು ಹಾರಿಲ್ಲ! ಹಾರಿಲ್ಲ ಕಣ್ರೀ! ಜಲ್ಲ ಸಿಕ್ಕಾಕ್ಕೊಳ್ತು. ದೋಣಿ ಕಾಲಡಿಯಿಂದ ಹೊರಟೋಯ್ತು. ಬಿದಿರು ಬಗ್ಗಿ ನನ್ನನ್ನೇ ಎತ್ತಿ ಎಸೀತು!”

“ಕೈ ಬಿಡಬೇಕು ಅಂತ ಹೇಳಿದ್ವಲ್ಲ!” ಎಂದೆ ನಾನು.

“ಗೊತ್ತಿತ್ತು. ಬಿಟ್ರೆ ದೋಣಿ ಹೋಗುತ್ತಲ್ಲ. ಹಿಂದೆ ಇವರೆಲ್ಲ ಕೂತಿದ್ರು, ಇವರ ಮುಖ ನೋಡಿದೆ. ಕೈ ಬಿಡೋಕೇ ಆಗ್ಲಿಲ್ಲ.”

ಆಗ ಯಾರೋ ಹೊಳೆಯ ಕಡೆ ಕೈ ತೋರಿಸಿದರು. ನಡುನೀರಿನಲ್ಲಿ ಜಲ್ಲ ನಿಂತಿತ್ತು. ನಾನು ಚೀಲ ಕಟ್ಟಿ, ಮೊಳೆ ಹೊಡೆದು, ಗುದ್ದಿ ನಿಲ್ಲಿಸಲಾಗದ ಅದೇ ಜಲ್ಲ. ನಟರು ಕೈ ಬಿಡದೆ ಹಿಡಿದದ್ದಕ್ಕೆ ದೋಣಿಯ ಭಾರವೂ ಜನರ ಭಾರವೂ ಒಟ್ಟಿಗೆ ಅದರ ಮೇಲೆ ಬಿದ್ದು, ಅದು ಬಂಡೆಯ ಸೀಳಿನಲ್ಲಿ ಬಿಗಿದು ಕೂತು, ತುದಿ ಮಾತ್ರ ಸಣ್ಣಗೆ ಅದುರುತ್ತಿತ್ತು. ಹಾರುವವನು ಜಲ್ಲವನ್ನು ಬಿಟ್ಟು ಹಾರುತ್ತಾನೆ, ಬಿಟ್ಟ ಜಲ್ಲ ತೇಲಿ ಹೋಗುತ್ತದೆ. ಕೊನೆಯವರೆಗೆ ಹಿಡಿದುಕೊಂಡರೆ ಮಾತ್ರ ಅದು ನಿಲ್ಲುತ್ತದೆ. ಇಪ್ಪತ್ತೈದು ವರ್ಷ ಊರಿಡೀ ಆ ಜಲ್ಲದ ಸುದ್ದಿ ಹೇಳುತ್ತಾ ಬಂದದ್ದು, ಅದನ್ನು ಕೇಳಿ ನಾನು ಸುಳ್ಳು ಅಂದದ್ದು, ನಿರ್ದೇಶಕರು ಚಂದ ಅಂದದ್ದು ಎಲ್ಲ ಒಟ್ಟಿಗೆ ನೆನಪಾಗಿ ನಾನು ಅಲ್ಲೇ ಕುಣಿದುಬಿಟ್ಟೆ. ಬೈರಾಸು ಬೀಸಿ, “ಕಡವಿನವ ಹಾರ್ಲಿಲ್ಲ! ಕೈ ಬಿಡ್ಲಿಲ್ಲ ಮಾರಾಯ್ರೆ!” ಎಂದು ಕೂಗಿದೆ. ನಿರ್ದೇಶಕರು ಕ್ಯಾಮೆರಾದವರ ಹೆಗಲು ಅಲುಗಿಸಿ, “ಜಲ್ಲ ತಗೊಳ್ರಿ, ಜಲ್ಲ, ಜಲ್ಲ!” ಎಂದು ಅರಚುತ್ತಿದ್ದರು. ಉಳಿದ ರೀಲೆಲ್ಲ ಅದಕ್ಕೇ ಹೋಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಜಗಳ ಶುರುವಾಯಿತು. ಹಣ ಹಾಕಿದವರ ಕಡೆಯ ಮ್ಯಾನೇಜರಿಗೆ ಸಿಟ್ಟು. “ಕೈ ಬಿಟ್ಟು ಓಡೋನೇ ಇಲ್ಲ ಅಂದ್ರೆ ಸಿನಿಮಾದಲ್ಲಿ ಕೆಟ್ಟವನು ಯಾರು ಸಾರ್? ಜನ ಯಾರಿಗೆ ಬೈಬೇಕು?”

“ಹೊಳೆ ಸಾಲ್ದೇನ್ರಿ?” ಎಂದರು ನಿರ್ದೇಶಕರು, ಸಾರಿನ ಅನ್ನ ಕಲಸುತ್ತಾ.

ನಾನು ಇನ್ನೊಂದು ಸಲ ದೋಣಿಯ ಒಳಗಿನಿಂದ ಶೂಟ್ ಮಾಡಿ, ಅವನು ಜಲ್ಲ ಹಿಡಿದುಕೊಂಡದ್ದನ್ನು ಹತ್ತಿರದಿಂದ ತೋರಿಸೋಣ ಎಂದೆ. ಊರಿನವರಿಗೆ ಬಿಡಿಸಿ ಹೇಳಿಬಿಡಬೇಕೆಂಬ ಆಸೆ ನನ್ನದು. ನಿರ್ದೇಶಕರು ಬೇಡ ಎಂದರು. “ಆವತ್ತು ದೋಣಿಯೊಳಗೆ ನಾವ್ಯಾರೂ ಇರಲಿಲ್ಲ. ಕಂಡದ್ದು ದಡದಿಂದ, ಸಿಕ್ಕಿದ್ದು ಜಲ್ಲ. ಅಷ್ಟೇ ತೋರಿಸೋಣ. ಹಾರಿದ ಅಂತ ಬರೆದಿದ್ದನ್ನ ಹರಿದು ಹಾಕಿ.” ನನಗೆ ಆಗ ಸ್ವಲ್ಪ ನಿರಾಸೆಯಾಯಿತು. ಆದರೂ ಚಿತ್ರಕಥೆಯ ಆ ಹಾಳೆಗಳನ್ನು ಸಂತೋಷದಿಂದಲೇ ಹರಿದೆ.

ಕೈ ತೊಳೆದು ಬರುವಾಗ ಅಂಗಡಿಯ ಅಜ್ಜ ನನ್ನ ದಾರಿ ಕಾಯುತ್ತಿದ್ದರು. ಬೆಳಗ್ಗಿನ ಗತ್ತು ಎಲ್ಲೋ ಹೋಗಿತ್ತು.

“ಆ ನಟ ನಿಜವಾಗ್ಲೂ ಹಾರ್ಲಿಲ್ವಾ?”

“ಇಲ್ಲ ಅಜ್ಜ.”

“ನಾನು ಹಾರಿದ್ದನ್ನೇ ಕಂಡದ್ದು ಮಾರಾಯ. ಇವತ್ತು ಕೂಡ ಹಾರಿದ್ದನ್ನೇ ಕಂಡೆ.” ಜೀಪಿನ ಕಡೆ ನೋಡಿ, “ನಿನ್ನ ಜೀಪು ಉಂಟಲ್ಲ, ಆ ಕಡವಿನವನ ಹುಡುಗಿಯ ಮನೆವರೆಗೆ ಬಿಡ್ತಿಯಾ?” ಎಂದರು.

ಅಂಗಳಕ್ಕೆ ಕಾಲಿಡುವಾಗ ಅಕ್ಕ ತೆಂಗಿನ ಗರಿ ಹೆಣೆಯುತ್ತಿದ್ದರು. ಎದ್ದು ನಿಂತರು, ಬನ್ನಿ ಅನ್ನಲಿಲ್ಲ. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಲು ಬಾಯಿ ತೆರೆದೆ. ಅಜ್ಜ ನನ್ನ ಕೈ ಹಿಡಿದು ತಡೆದರು.

“ನಿನ್ನ ಅಪ್ಪ ಕೈ ಬಿಡ್ಲಿಲ್ಲ ಮಗಾ” ಎಂದರು. “ಜಲ್ಲ ಸಿಕ್ಕಿಕೊಂಡದ್ದು. ಬಿಟ್ಟಿದ್ರೆ ಅವ ದೋಣಿಯಲ್ಲೇ ಇರ್ತಿದ್ದ. ಬಿಡ್ಲಿಲ್ಲ. ನಾನು ಊರಿಗೆಲ್ಲ ತಿರುಗಿಸಿ ಹೇಳಿದೆ.”

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಹೆಣೆದಿದ್ದ ಗರಿಯನ್ನು ಬದಿಗೆ ಸರಿಸಿದರು. ಆಮೇಲೆ ಒಳಗೆ ಹೋದರು. ಬಾಗಿಲು ಹಾಕುತ್ತಾರೆ ಎಂದುಕೊಂಡೆ. ಹೊರಗೆ ಬರುವಾಗ ಒಂದು ಕೈಯಲ್ಲಿ ಚೆಂಬು, ಒಂದು ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬೆಲ್ಲ. “ಕೂತುಕೊಳ್ಳಿ ಮಾವ” ಎಂದರು. ಅಜ್ಜನ ಕೈಯಿಂದ ಬೆಲ್ಲ ಜಾರಿ ಕೆಳಗೆ ಬಿತ್ತು. ಅಕ್ಕ ಇನ್ನೊಂದು ತುಂಡು ತಂದುಕೊಟ್ಟರು.

ಸಿನಿಮಾ ಮರುವರ್ಷ ಪುತ್ತೂರಿಗೆ ಬಂತು. ಅದರ ಬ್ಯಾನರು ಬರೆದದ್ದೂ ನಾನೇ, ಹೊಳೆಯ ಕೆಂಪಿಗೆ ಬಣ್ಣ ಬೆರೆಸುವುದರಲ್ಲಿ ದಿನ ಕಳೆದದ್ದೂ ನಾನೇ. ಅಕ್ಕ ಮಗಳನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಬಂದರು. ನಾನು ಅವರ ಪಕ್ಕದಲ್ಲೇ ಕೂತೆ. ಪರದೆಯಲ್ಲಿ ಕಡವಿನವನು ಚಿಮ್ಮಿ ನೀರಿಗೆ ಬಿದ್ದಾಗ ಟಾಕೀಸಿನಲ್ಲಿ “ಥೂ, ಹಾರಿದ!” ಎಂಬ ಕೂಗು ಎದ್ದಿತು. ಅಕ್ಕನ ಕೈ ಮಗಳ ಕೈಯನ್ನು ಬಿಗಿಯಾಗಿ ಹಿಡಿದದ್ದು ಕಂಡೆ. ನಿರ್ದೇಶಕರ ಮೇಲೆ ಆ ಕ್ಷಣ ನನಗೆ ಬಂದ ಸಿಟ್ಟು ಹೇಳತೀರದು, ಬಿಡಿಸಿ ತೋರಿಸಬೇಕಿತ್ತು ಎಂದು ಹಲ್ಲು ಕಚ್ಚಿದೆ.

ಆಮೇಲೆ ಪರದೆಯ ತುಂಬ ಖಾಲಿ ಹೊಳೆ. ನಡುವೆ ಜಲ್ಲ. ಸಂಗೀತ ಇಲ್ಲ, ನೀರಿನ ಸದ್ದು ಮಾತ್ರ. ಜಲ್ಲದ ತುದಿ ಅದುರುತ್ತಾ ಇತ್ತು, ಇತ್ತು, ಇತ್ತು. ಬೈಯುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ, ಹೊಳೆಬದಿಯ ಜನವೇ ಇರಬೇಕು, ನಿಧಾನವಾಗಿ ಹೇಳಿದರು: “ಓ... ಅವ ಬಿಡ್ಲಿಲ್ಲ ಮಾರಾಯ. ಬಿಟ್ಟಿದ್ರೆ ಅದು ನಿಲ್ತದಾ?” ಆ ಮಾತು ಸಾಲಿನಿಂದ ಸಾಲಿಗೆ ಪಿಸುಪಿಸು ಎಂದು ಹೋಯಿತು.

ಅಕ್ಕ ಎದ್ದರು. ಮಗಳನ್ನೂ ಎಬ್ಬಿಸಿದರು. ನಾನು ಗಾಬರಿಯಾಗಿ, “ಮುಗಿಲಿಲ್ಲ ಅಕ್ಕ, ಜಲ್ಲ ಇನ್ನೂ ಸ್ವಲ್ಪ ಹೊತ್ತು ಉಂಟು” ಎಂದೆ.

“ಇನ್ನು ಎಂತ ಉಂಟು ನೋಡ್ಲಿಕ್ಕೆ?” ಎಂದರು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. “ಬಾ ಮಗಾ, ಕಡಬದ ಬಸ್ ಸಿಗ್ಬೇಕು.”